ಬೆಳಗಾದ ಮೇಲೂ ಹೋಗದ ಭಯ: ಆ ಪೊಲೀಸ್ ದೀಪ ಕಂಡಾಗ ನಿಮಗೂ ಹಾಗೇ ಆಯ್ತಾ?

ಕೊನೇಸಾಲು:
ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಕ್ಲೈಮ್ಯಾಕ್ಸ್ ಎಲ್ಲ ಬಯಲಾಗುತ್ತೆ. ಸಿನಿಮಾ ನೋಡದವರು ನೋಡಿಕೊಂಡು ಬನ್ನಿ.

ಮೊನ್ನೆ ರಾತ್ರಿ 'ಗೆಟ್ ಔಟ್' ಎರಡನೇ ಸಲ ನೋಡಿದೆ. ಜೋರ್ಡನ್ ಪೀಲ್ ಅವರ 2017ರ ಸಿನಿಮಾ. ಕ್ರಿಸ್ ಅಂತ ಒಬ್ಬ ಕಪ್ಪು ಹುಡುಗ, ಫೋಟೋ ತೆಗೆಯುವವನು. ಬಿಳಿ ಗೆಳತಿ ರೋಸ್ ಜೊತೆ ಅವಳ ಅಪ್ಪ ಅಮ್ಮನ ಮನೆಗೆ ಹೋಗುತ್ತಾನೆ. ಆ ಮನೆಯವರು ಕಪ್ಪು ಜನರನ್ನು ಸಮ್ಮೋಹನ ಮಾಡಿ ಹಿಡಿದು, ಅವರ ಮೈಯೊಳಗೆ ಬಿಳಿಯರ ಮಿದುಳು ಕೂರಿಸುವವರು. ರೋಸ್ ಕೂಡ ಅದರಲ್ಲಿ ಪಾಲುದಾರಳು. ಕೊನೆಗೆ ಅವನು ಹೇಗೋ ತಪ್ಪಿಸಿಕೊಂಡು ರಸ್ತೆಗೆ ಬಂದಿದ್ದಾನೆ. ಗುಂಡು ತಗುಲಿದ ರೋಸ್ ನೆಲದ ಮೇಲೆ ಬಿದ್ದಿದ್ದಾಳೆ. ಅವನ ಕೈ ಅವಳ ಕುತ್ತಿಗೆ ಮೇಲಿದೆ. ಅಷ್ಟರಲ್ಲಿ ಕೆಂಪು ನೀಲಿ ದೀಪ ಮಿನುಗಿಸುತ್ತ ಒಂದು ಕಾರು ಬರುತ್ತೆ.

ಬೇರೆ ಯಾವ ಹಾರರ್ ಸಿನಿಮಾದಲ್ಲೇ ಆಗಲಿ, ಆ ದೀಪ ಕಂಡರೆ 'ಅಬ್ಬಾ, ಬಚಾವಾದ' ಅಂತ ಉಸಿರು ಬಿಡುತ್ತೇವೆ. ಇಲ್ಲಿ ನನ್ನ ಎದೆ ಧಸಕ್ ಎಂದಿತು. ಕ್ರಿಸ್ ಮೆಲ್ಲಗೆ ಕೈ ಮೇಲೆತ್ತುತ್ತಾನೆ. ರೋಸ್ ನರಳುತ್ತ ಸಹಾಯ ಕೇಳುತ್ತಾಳೆ. ಇಬ್ಬರಿಗೂ ಒಂದೇ ವಿಷಯ ಗೊತ್ತು: ಕಾರಿನಿಂದ ಇಳಿಯುವವನು ಯಾರ ಮಾತು ನಂಬುತ್ತಾನೆ ಅನ್ನೋದು. ನೋಡುತ್ತಿರುವ ನಮಗೂ ಗೊತ್ತು. ಅಷ್ಟು ಹೊತ್ತು ಮಿದುಳು ಕತ್ತರಿಸುವ ಡಾಕ್ಟರನ್ನು ತೋರಿಸಿ ಹೆದರಿಸಿದ ಸಿನಿಮಾ, ಕಡೆಗೆ ಬರೀ ಒಂದು ದೀಪದಿಂದ ಅದಕ್ಕಿಂತ ಜಾಸ್ತಿ ಹೆದರಿಸಿತು.

ಮೊದಲ ಸಲ ನೋಡಿದಾಗ ಹೆದರಿದ್ದು ಸರಿ. ಆದರೆ ಈ ಸಲ ಕಾರಿನಲ್ಲಿ ಯಾರಿದ್ದಾರೆ ಅಂತ ಗೊತ್ತಿದ್ದೂ ಹೆದರಿದೆ. ನನಗೊಬ್ಬನಿಗೇನಾ ಹೀಗೆ? ಇಂಥ ಬೇರೆ ಸಿನಿಮಾ ಇದ್ದರೆ ಹೇಳಿ.

ನಿದ್ದೆಗೇಡಿ:
ನಿಮಗೊಬ್ಬರಿಗೇ ಅಲ್ಲ ಗುರು. ಕಾರಿನ ಬಾಗಿಲ ಮೇಲೆ 'ಏರ್‌ಪೋರ್ಟ್' ಅನ್ನೋ ಅಕ್ಷರ ಕಾಣಿಸೋವರೆಗೂ ನಾನು ಉಸಿರು ಹಿಡಿದುಕೊಂಡಿದ್ದೆ. ಬಂದವನು ಗೆಳೆಯ ರಾಡ್. ಏರ್‌ಪೋರ್ಟ್ ಸೆಕ್ಯುರಿಟಿ ಕೆಲಸದವನು. ಇಡೀ ಸಿನಿಮಾದಲ್ಲಿ ಅವನ ಮಾತಿಗೆ ಎಲ್ಲರೂ ನಕ್ಕಿದ್ದರು!

ಆದರೆ ಪೀಲ್ ಮೊದಲು ಶೂಟ್ ಮಾಡಿದ್ದು ಬೇರೆ ಕೊನೆ. ಅದರಲ್ಲಿ ಬರೋದು ನಿಜವಾದ ಪೊಲೀಸರೇ. ಕ್ರಿಸ್ ಜೈಲು ಸೇರುತ್ತಾನೆ. ರಾಡ್ ಅವನನ್ನು ನೋಡಲು ಬರುತ್ತಾನೆ, ಗಾಜಿನ ಆಚೆ ಈಚೆ ಕೂತು ಮಾತಾಡುತ್ತಾರೆ. ಆಮೇಲೆ ಜನರಿಗೆ ಈಗ ಒಂದು ಬಿಡುಗಡೆ ಬೇಕು ಅನ್ನಿಸಿ ಬದಲಾಯಿಸಿದರಂತೆ. ನಿಮಗೆ ಭಯ ಆಗಿದ್ದು ಆ ತೆಗೆದುಹಾಕಿದ ಕೊನೆಗೇ ಇರಬೇಕು.

ಹಳೇರೀಲು:
ಕೊನೇಸಾಲು ಅವರೇ, ಆ ತೆಗೆದುಹಾಕಿದ ಕೊನೆ 1968ರಲ್ಲೇ ಒಂದು ಸಲ ತೆರೆ ಮೇಲೆ ಬಂದಿತ್ತು. ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಪೆನ್ಸಿಲ್ವೇನಿಯಾದ ಹಳ್ಳಿ ಕಡೆಯ ಒಂದು ಒಂಟಿ ಮನೆ. ಹೊರಗೆ ಸತ್ತು ಎದ್ದ ಹೆಣಗಳು. ಒಳಗೆ ಏಳು ಜನ. ಅವರಲ್ಲಿ ಒಬ್ಬ ಬೆನ್, ಕಪ್ಪು ಮನುಷ್ಯ. ಡುವೇನ್ ಜೋನ್ಸ್ ಮಾಡಿದ ಪಾತ್ರ. ಬಾಗಿಲಿಗೆ ಹಲಗೆ ಹೊಡೆಯುವವನು ಅವನು, ತಲೆ ಕೆಡಿಸಿಕೊಳ್ಳದೆ ಯೋಚಿಸುವವನು ಅವನು. ಕೂಪರ್ ಅನ್ನೋ ಬಿಳಿಯ ಗೃಹಸ್ಥ 'ನೆಲಮಾಳಿಗೆಗೆ ಹೋಗೋಣ, ಅಲ್ಲಿನ ಯಜಮಾನ ನಾನು' ಅನ್ನೋ ಧಾಟಿಯಲ್ಲಿ ಹಟ ಹಿಡಿಯುತ್ತಾನೆ. ಇಬ್ಬರ ಜಗಳ ಸಿನಿಮಾದ ಉದ್ದಕ್ಕೂ. ತಮಾಷೆ ಏನು ಗೊತ್ತಾ? ಕೊನೆಗೆ ಬೆನ್ ಜೀವ ಉಳಿಯೋದು ಅದೇ ನೆಲಮಾಳಿಗೆಯಲ್ಲಿ. ಕೂಪರ್ ಹೇಳಿದ್ದೇ ಸರಿ ಇತ್ತು. ಇದನ್ನು ಜನ ಯಾಕೋ ನೆನಪಿಟ್ಟುಕೊಳ್ಳುವುದಿಲ್ಲ.

ಬೆಳಗಾಗುತ್ತೆ. ಹಕ್ಕಿ ಸದ್ದು. ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್ ತನ್ನ ಕೋವಿ ಗುಂಪಿನ ಜೊತೆ ಹೆಣಗಳನ್ನು ಸುಡುತ್ತ ಬರುತ್ತಾನೆ. ಗುಂಡಿನ ಸದ್ದು ಕೇಳಿ ಬೆನ್ ಮೇಲೆ ಬಂದು ಕಿಟಕಿಯಲ್ಲಿ ಇಣುಕುತ್ತಾನೆ. ಹಣೆಗೆ ಒಂದೇ ಗುಂಡು. ಅವನನ್ನೂ ಹೆಣ ಅಂದುಕೊಂಡರು. ರಾತ್ರಿಯೆಲ್ಲ ದೆವ್ವಗಳಿಂದ ಉಳಿದವನು ಬೆಳಗ್ಗೆ ಮನುಷ್ಯರ ಕೈಯಲ್ಲಿ ಸತ್ತ.

ಆಮೇಲೆ ಸಿನಿಮಾ ಓಡುವುದನ್ನೇ ನಿಲ್ಲಿಸಿಬಿಡುತ್ತೆ. ಬರೀ ಸ್ಟಿಲ್ ಫೋಟೋಗಳು. ಪತ್ರಿಕೆಯಲ್ಲಿ ಬರುವಂಥ ಒರಟು ಚಿತ್ರಗಳು. ಮಾಂಸ ಎಳೆಯುವ ಕೊಕ್ಕೆ ಹಿಡಿದ ಗಂಡಸರು, ನಡುವೆ ಬೆನ್ ಹೆಣ. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಗುಂಪುಗಟ್ಟಿ ಕೊಂದು, ಹೆಣದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಅದನ್ನು ಪೋಸ್ಟ್‌ಕಾರ್ಡ್ ಮಾಡಿ ಕಳಿಸುತ್ತಿದ್ದ ಕಾಲ ಒಂದಿತ್ತು. ಆ ಫೋಟೋ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿಲಕ:
ಒಂದು ನಿಮಿಷ. ರೊಮೆರೊ ಅವರೇ ಎಷ್ಟೋ ಸಲ ಹೇಳಿದ್ದಾರಲ್ಲ, ಆ ಪಾತ್ರ ಕಪ್ಪು ನಟನಿಗೆ ಅಂತ ಬರೆದದ್ದಲ್ಲ, ಬಂದವರಲ್ಲಿ ಜೋನ್ಸ್ ಚೆನ್ನಾಗಿ ಮಾಡಿದರು ಅಂತ ತೆಗೆದುಕೊಂಡೆವು ಅಂತ. ಇಡೀ ಸಿನಿಮಾದಲ್ಲಿ ಯಾರೂ ಬೆನ್ ಬಣ್ಣದ ಮಾತೇ ಎತ್ತುವುದಿಲ್ಲ. ಹಾಗಿದ್ದ ಮೇಲೆ ಈ ಅರ್ಥವೆಲ್ಲ ನಾವು ಆಮೇಲೆ ತುರುಕಿದ್ದು ಅಲ್ವಾ? ನನಗೆ ಅದು ಒಳ್ಳೆಯ ಜೋಂಬಿ ಸಿನಿಮಾ. ಅಷ್ಟು ಸಾಲದಾ?

ಹಳೇರೀಲು:
ಚಿಲಕ ಅವರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮಾತಿಗೆ ಅದೇ ಬಲ. ಬೆನ್ ಬರವಣಿಗೆಯಲ್ಲಿ ಒಬ್ಬ ಒರಟು ಲಾರಿ ಡ್ರೈವರ್. ಜೋನ್ಸ್ ಓದಿಕೊಂಡ ಮನುಷ್ಯ, ರಂಗಭೂಮಿಯವರು. ಮಾತುಗಳನ್ನು ತಮ್ಮ ಬಾಯಿಗೆ ಹೊಂದಿಸಿಕೊಂಡರು. ಉಳಿದ ಕಥೆ ಬದಲಾಗಲಿಲ್ಲ. ಆದರೆ ಗುಂಡು ತಿನ್ನುವ ಮುಖ ಬದಲಾದ ಮೇಲೆ ಅದೇ ಕಥೆ ಬೇರೆ ಆಯಿತು. 'ತಪ್ಪಾಗಿ ತಿಳಿದು ಹೊಡೆದರು' ಅನ್ನೋ ಮಾತು ಬಿಳಿ ನಟನಿಗಾದರೆ ದುರದೃಷ್ಟ. ಇಲ್ಲಿ ಅದು ಸುದ್ದಿ.

ಕಾಲವೂ ಹಾಗೇ ಕೂಡಿಬಂತು. ಸಿನಿಮಾದ ಪ್ರಿಂಟ್ ಕಾರಿನಲ್ಲಿ ಹಾಕಿಕೊಂಡು ಮಾರಲು ನ್ಯೂಯಾರ್ಕ್‌ಗೆ ಹೋಗುತ್ತಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿ ರೇಡಿಯೋದಲ್ಲಿ ಕೇಳಿದೆವು ಅಂತ ರೊಮೆರೊ ಹೇಳಿಕೊಂಡಿದ್ದಾರೆ. 1968 ಏಪ್ರಿಲ್ 4. ಡಿಕ್ಕಿಯಲ್ಲಿದ್ದ ಡಬ್ಬಿಯೊಳಗಿನ ಸಿನಿಮಾಕ್ಕೆ ಆ ರಾತ್ರಿ ಯಾರೂ ಒಂದು ಫ್ರೇಮ್ ಸೇರಿಸಲಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಅದು ಬೇರೆ ಸಿನಿಮಾ ಆಗಿತ್ತು.

ಸುಮ್ನೆ ಒಂದು ಉಪಕಥೆ: ಆ ಸಿನಿಮಾದ ಹೆಸರು ಬದಲಾಯಿಸುವಾಗ ವಿತರಕರು ಕಾಪಿರೈಟ್ ಸಾಲು ಹಾಕುವುದನ್ನೇ ಮರೆತರು. ಆಗಿನ ಕಾನೂನಿನ ಪ್ರಕಾರ ಅದು ಎಲ್ಲರ ಆಸ್ತಿ ಆಯಿತು. ಸುಮಾರು 1,14,000 ಡಾಲರ್‌ನಲ್ಲಿ ಮಾಡಿದ ಸಿನಿಮಾ ಊರೆಲ್ಲ ಹಂಚಿಹೋಯಿತು, ಮಾಡಿದವರ ಕೈಗೆ ಬರಬೇಕಾದಷ್ಟು ಬರಲಿಲ್ಲ. ಈಗಲೂ ಯಾರು ಬೇಕಾದರೂ ಬಿಟ್ಟಿ ನೋಡಬಹುದು.

ಮಿಂಚುಹುಳ:
'ಗೆಟ್ ಔಟ್' ಎರಡನೇ ಸಲ ನೋಡಿದಾಗಲೇ ಜಾಸ್ತಿ ಹೆದರಿಸುತ್ತೆ ರೀ. ಶುರುವಿನಲ್ಲಿ ಜಿಂಕೆಗೆ ಗುದ್ದಿದ ಮೇಲೆ ಪೊಲೀಸ್ ಬರುತ್ತಾನಲ್ಲ, ಕಾರು ಓಡಿಸುತ್ತಿದ್ದವಳು ರೋಸ್, ಅವನು ಕೇಳೋದು ಕ್ರಿಸ್ ಗುರುತಿನ ಚೀಟಿ. ರೋಸ್ ಎಗರಿ ಬೀಳುತ್ತಾಳೆ, ತೋರಿಸಬೇಡ ಅನ್ನುತ್ತಾಳೆ. ಮೊದಲ ಸಲ 'ಎಂಥ ಹುಡುಗಿ, ಗೆಳೆಯನ ಪರ ನಿಂತಳು' ಅಂದುಕೊಂಡಿದ್ದೆ. ಎರಡನೇ ಸಲ ಗೊತ್ತಾಯಿತು. ನಾಳೆ ಕಾಣೆಯಾಗುವವನ ಹೆಸರು ಪೊಲೀಸ್ ದಾಖಲೆಯಲ್ಲಿ ಉಳಿಯಬಾರದಲ್ಲ! ಮೈ ಜುಂ ಎಂದಿತು.

ಅವಳಪ್ಪ ಮನೆ ತೋರಿಸುತ್ತ ತನ್ನ ಅಪ್ಪನ ಫೋಟೋ ತೋರಿಸುತ್ತಾನೆ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗುವ ಅರ್ಹತಾ ಓಟದಲ್ಲಿ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ ಎದುರು ಸೋತವನು. ಬಾಯಲ್ಲಿ ಹೊಗಳಿಕೆ, ಹಿಟ್ಲರ್ ಎದುರು ಎಂಥ ಗೆಲುವು ಅಂತ. ಸೋಲನ್ನು ಅಪ್ಪ ಹೆಚ್ಚುಕಮ್ಮಿ ಮರೆತ ಅಂತಾನೆ. ಆ ರಾತ್ರಿ ತೋಟದಾಳು ಕತ್ತಲಲ್ಲಿ ಕ್ರಿಸ್ ಕಡೆಗೆ ನುಗ್ಗಿ ಓಡಿಬರುತ್ತಾನಲ್ಲ, ಆ ಮೈಯೊಳಗೆ ಇರೋದು ಯಾರು ಅಂತ ಆಮೇಲೆ ಲೆಕ್ಕ ಹಾಕಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹತ್ತಿ. ಕುರ್ಚಿಗೆ ಕಟ್ಟಿಹಾಕಿದ್ದಾರೆ. ಭಯಕ್ಕೆ ಕುರ್ಚಿ ಕೈಯನ್ನು ಉಗುರಲ್ಲಿ ಕೆರೆದು ಕೆರೆದು ಒಳಗಿನ ಹತ್ತಿ ಹೊರಗೆ ಬಂದಿದೆ. ಅದನ್ನೇ ಬಿಡಿಸಿ ಕಿವಿಗೆ ತುರುಕಿಕೊಂಡು ಸಮ್ಮೋಹನದಿಂದ ತಪ್ಪಿಸಿಕೊಳ್ಳುತ್ತಾನೆ. ಗುಲಾಮರಾಗಿ ತಲೆಮಾರುಗಟ್ಟಲೆ ಹತ್ತಿ ಬಿಡಿಸಿದ ಜನ. ಅದೇ ಹತ್ತಿ ಇವನ ಜೀವ ಉಳಿಸಿತು. ಒಂದು ಮಾತಿಲ್ಲ, ಯಾರೂ ಬೊಟ್ಟು ಮಾಡಿ ತೋರಿಸುವುದಿಲ್ಲ.

ಚಿಲಕ:
ಹತ್ತಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಪ್ಪಿದೆ. ನನ್ನ ತಕರಾರು ಏನಂದರೆ, 'ಗೆಟ್ ಔಟ್' 45 ಲಕ್ಷ ಡಾಲರ್‌ನಲ್ಲಿ ಮಾಡಿ 25 ಕೋಟಿ ಡಾಲರ್ ದಾಟಿತು, ಚಿತ್ರಕಥೆಗೆ ಆಸ್ಕರ್ ಬಂತು. ಆಮೇಲೆ ಎಲ್ಲರಿಗೂ ಅದೇ ಹುಚ್ಚು. ಭಯಕ್ಕೆ ಮೊದಲೇ ಪಾಠ. 2020ರ 'ಆಂಟೆಬೆಲಮ್' ನೋಡಿದಿರಾ? ಮೊದಲ ಅರ್ಧ ಗಂಟೆ ತೋಟದಲ್ಲಿ ಗುಲಾಮರಿಗೆ ಕೊಡುವ ಹಿಂಸೆ ತೋರಿಸುತ್ತಾರೆ. ಯಾಕೆ ಅಂದರೆ ಕೊನೆಗೆ ಒಂದು ತಿರುವು ಇದೆ, ಅದಕ್ಕೆ. ನನಗೆ ಭಯ ಆಗಲಿಲ್ಲ, ಹೊಟ್ಟೆ ತೊಳಸಿತು. ಮೈ ಮೇಲೆ ಬರೆ ಎಳೆಯೋದನ್ನು ತೋರಿಸೋದೇ ಹಾರರ್ ಅಂದರೆ ಇತಿಹಾಸದ ಪುಸ್ತಕ ಸಾಕು, ಟಿಕೆಟ್ ಯಾಕೆ?

ಬೇವಿನಕಡ್ಡಿ:
ಚಿಲಕ ಅವರ ಮಾತು ಅರ್ಧ ಸರಿ. ಕಪ್ಪು ಜನರ ನೋವನ್ನೇ ಮಸಾಲೆ ಮಾಡಿ ಬಡಿಸುತ್ತಿದ್ದಾರೆ ಅಂತ ಅಲ್ಲಿನ ಕಪ್ಪು ವಿಮರ್ಶಕರೇ ಸಿಟ್ಟಾಗಿದ್ದಾರೆ. ಆದರೆ ಅದು ಪಾಠ ಜಾಸ್ತಿಯಾದ ದೋಷ ಅಲ್ಲ. ಯಾರ ಕಣ್ಣಿಂದ ಕಥೆ ನೋಡುತ್ತಿದ್ದೇವೆ ಅಂತ ನಿರ್ದೇಶಕ ಯೋಚಿಸದ ದೋಷ.

'ಕ್ಯಾಂಡಿಮ್ಯಾನ್' ತೆಗೆದುಕೊಳ್ಳಿ, 1992ರದ್ದು, ಬರ್ನಾರ್ಡ್ ರೋಸ್ ಅವರದು. ಮೂಲ ಕಥೆ ಕ್ಲೈವ್ ಬಾರ್ಕರ್ ಬರೆದದ್ದು, ನಡೆಯೋದು ಇಂಗ್ಲೆಂಡಿನಲ್ಲಿ, ಅಲ್ಲಿ ವಿಷಯ ಬಡತನ. ರೋಸ್ ಅದನ್ನು ಶಿಕಾಗೋದ ಕಬ್ರಿನಿ ಗ್ರೀನ್ ಅನ್ನೋ ಸರ್ಕಾರಿ ವಸತಿಗೆ ತಂದರು. ದೆವ್ವ ಕಪ್ಪು ಮನುಷ್ಯ ಆಯಿತು. ಗುಲಾಮನ ಮಗ, ಚಿತ್ರ ಬರೆಯುವವನು, ಬಿಳಿ ಹುಡುಗಿಯನ್ನು ಪ್ರೀತಿಸಿದ ತಪ್ಪಿಗೆ ಕೈ ಕತ್ತರಿಸಿ, ಜೇನು ಸವರಿ, ಜೇನುಹುಳುಗಳಿಂದ ಕೊಲ್ಲಿಸಿದರು. ಕನ್ನಡಿ ಮುಂದೆ ಐದು ಸಲ ಹೆಸರು ಹೇಳಿದರೆ ಬರುತ್ತಾನೆ.

ಇದರಲ್ಲಿ ಕಣ್ಣು ಕುಕ್ಕುವ ತಪ್ಪು ಒಂದಿದೆ. ಅವನನ್ನು ಕೊಂದವರು ಬಿಳಿಯರು. ಅವನು ಕಾಡುವುದು ಬಡ ಕಪ್ಪು ಜನರನ್ನು. ಇದೆಂಥ ನ್ಯಾಯ? ಮತ್ತೆ ಕಥೆಯ ನಾಯಕಿ ಹೆಲೆನ್, ಸಂಶೋಧನೆಗೆ ಬಂದ ಬಿಳಿ ಹುಡುಗಿ. ಕಪ್ಪು ಗಂಡಸು ಬಿಳಿ ಹೆಣ್ಣಿನ ಬೆನ್ನು ಬೀಳುವ ಚಿತ್ರ 1915ರ 'ದಿ ಬರ್ತ್ ಆಫ್ ಎ ನೇಷನ್' ಕಾಲದಿಂದ ಬಂದ ಭಯ. ಆ ಸಿನಿಮಾ ಹಾರರ್ ಅಲ್ಲ. ಆದರೆ ಕಪ್ಪು ಮನುಷ್ಯನನ್ನು ರಾಕ್ಷಸ ಮಾಡಿ ಬಿಳಿಯರನ್ನು ಹೆದರಿಸಿದ್ದರಲ್ಲಿ ಅದನ್ನು ಮೀರಿಸಿದ್ದು ಇಲ್ಲ. ಬಂದ ವರ್ಷವೇ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಕಪ್ಪು ಜನರನ್ನು ಹೆದರಿಸಿ ಕೊಲ್ಲುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಮತ್ತೆ ಹುಟ್ಟಿತು.

ಇಷ್ಟೆಲ್ಲ ಬೈದು, 'ಕ್ಯಾಂಡಿಮ್ಯಾನ್' ನನಗೆ ಇಷ್ಟ ಅಂತಲೂ ಹೇಳುತ್ತೇನೆ. ಕಾರಣ ಔಷಧಿ ಕಪಾಟು. ಹೆಲೆನ್ ಇರೋದು ದುಬಾರಿ ಫ್ಲಾಟಿನಲ್ಲಿ. ಅದೂ ಮೊದಲು ಸರ್ಕಾರಿ ವಸತಿಯಾಗಿ ಕಟ್ಟಿದ್ದೇ, ಕಬ್ರಿನಿ ಗ್ರೀನ್ ನಕ್ಷೆಯೇ. ಆಮೇಲೆ ಗೋಡೆಗೆ ಗಾರೆ ಮೆತ್ತಿ ಶ್ರೀಮಂತರಿಗೆ ಮಾರಿದರು. ಬಚ್ಚಲಿನ ಕನ್ನಡಿ ಕಪಾಟು ಕಿತ್ತರೆ ಪಕ್ಕದ ಮನೆಗೆ ನುಸುಳಬಹುದು. ಇದು ಕಟ್ಟುಕಥೆ ಅಲ್ಲ. 1987ರಲ್ಲಿ ಶಿಕಾಗೋದ ಇನ್ನೊಂದು ಸರ್ಕಾರಿ ವಸತಿಯಲ್ಲಿ ಕೊಲೆಗಾರರು ಹೀಗೇ ಕಪಾಟಿನ ಹಿಂದಿನಿಂದ ನುಗ್ಗಿ ಒಬ್ಬ ಹೆಂಗಸನ್ನು ಕೊಂದಿದ್ದರು. ಎರಡೂ ಕಡೆ ಒಂದೇ ತೂತು. ಒಂದು ಕಡೆ ಅದು ಕುತೂಹಲ, ಇನ್ನೊಂದು ಕಡೆ ಸಾವು.

ಹೆಲೆನ್‌ಗೆ ಏಟು ಬಿದ್ದಾಗ ಪೊಲೀಸರು ಆ ಜಾಗವನ್ನೇ ಮುತ್ತಿ ಒಬ್ಬನನ್ನು ಹಿಡಿಯುತ್ತಾರೆ. ಅದಕ್ಕೆ ಮುಂಚೆ ಅಲ್ಲೇ ಇಬ್ಬರು ಸತ್ತಾಗ ಯಾರೂ ಬಂದಿರಲಿಲ್ಲ. ಇದನ್ನು ಹೆಲೆನ್ ಬಾಯಲ್ಲೇ ಹೇಳಿಸಿದ್ದಾರೆ. ಕೊನೇಸಾಲು ಅವರ ಪೊಲೀಸ್ ದೀಪದ ಇನ್ನೊಂದು ಮುಖ ನೋಡಿ. ಬಂದರೂ ಭಯ, ಬಾರದಿದ್ದರೂ ಭಯ.

ನಿದ್ದೆಗೇಡಿ:
ಕ್ಯಾಂಡಿಮ್ಯಾನ್ ಪಾತ್ರ ಮಾಡಿದ ಟೋನಿ ಟಾಡ್ ಬಾಯೊಳಗೆ ಬಿಟ್ಟುಕೊಂಡಿದ್ದು ನಿಜವಾದ ಜೇನುಹುಳು ಮಾರಾಯ್ರೆ! ಒಂದೊಂದು ಕಡಿತಕ್ಕೂ 1,000 ಡಾಲರ್ ಜಾಸ್ತಿ ಕೊಡಬೇಕು ಅಂತ ಒಪ್ಪಂದ ಮಾಡಿಕೊಂಡಿದ್ದರಂತೆ. ನಾನಾಗಿದ್ದರೆ ಮೊದಲ ಹುಳಕ್ಕೇ ಓಡಿಹೋಗುತ್ತಿದ್ದೆ.

ನಿಯಾ ಡಕೋಸ್ಟಾ ಅವರ 2021ರ 'ಕ್ಯಾಂಡಿಮ್ಯಾನ್' ಬಗ್ಗೆ ಏನಂತೀರಿ? ಅದರಲ್ಲಿ ಬೇವಿನಕಡ್ಡಿ ಹೇಳಿದ ತಪ್ಪು ಸರಿಮಾಡಿದ್ದಾರೆ ಅಲ್ವಾ?

ಬೇವಿನಕಡ್ಡಿ:
ಸರಿಮಾಡಿದ್ದಾರೆ. ಕ್ಯಾಂಡಿಮ್ಯಾನ್ ಒಬ್ಬನಲ್ಲ, ಅನ್ಯಾಯವಾಗಿ ಸತ್ತವರೆಲ್ಲ ಸೇರಿದ ಒಂದು ಜೇನುಗೂಡು ಅನ್ನೋದು ಒಳ್ಳೆಯ ಯೋಚನೆ. ಆ ನೆರಳು ಬೊಂಬೆಯ ದೃಶ್ಯಗಳು ಚೆಂದ. ಆದರೆ ಪಾತ್ರಗಳು ತಮ್ಮ ಅರ್ಥವನ್ನು ತಾವೇ ವಿವರಿಸುತ್ತ ಕೂರುತ್ತವೆ. ಅಲ್ಲಿ ಚಿಲಕ ಅವರಿಗೆ ನನ್ನ ಪೂರ್ತಿ ವೋಟು.

ಚಿಲಕ:
ಕೊನೆಗೂ ಒಂದು ವೋಟು ಬಿತ್ತು.

ಹಳೇರೀಲು:
ಜೋಂಬಿ ಮಾತು ಬಂದಿದ್ದರಿಂದ ಒಂದು ವಿಷಯ. ಈ ಜೋಂಬಿ ಹುಟ್ಟಿದ್ದೇ ಗುಲಾಮಗಿರಿಯಲ್ಲಿ. ಹೈಟಿ ಫ್ರಾನ್ಸಿನ ವಸಾಹತಾಗಿದ್ದಾಗ ಕಬ್ಬಿನ ತೋಟಗಳಲ್ಲಿ ಆಫ್ರಿಕಾದ ಜನ ಸಾಯುವವರೆಗೂ ದುಡಿಯುತ್ತಿದ್ದರು. ಸತ್ತರೆ ಆತ್ಮ ಆಫ್ರಿಕಾಕ್ಕೆ ಮರಳುತ್ತೆ ಅನ್ನೋದೊಂದೇ ಆಸೆ. ಜೋಂಬಿ ಅಂದರೆ ಆ ಬಾಗಿಲೂ ಮುಚ್ಚಿದ ಸ್ಥಿತಿ. ಸತ್ತ ಮೇಲೂ ಯಜಮಾನ ಎಬ್ಬಿಸಿ ಹೊಲಕ್ಕೆ ಕಳಿಸುತ್ತಾನೆ. ಅವರಿಗೆ ಜೋಂಬಿ ಕಚ್ಚುತ್ತೆ ಅನ್ನೋ ಭಯ ಇರಲಿಲ್ಲ. ತಾನೇ ಜೋಂಬಿ ಆಗುತ್ತೇನೆ ಅನ್ನೋ ಭಯ.

1804ರಲ್ಲಿ ಆ ಗುಲಾಮರೇ ದಂಗೆ ಎದ್ದು ಗೆದ್ದು ಸ್ವತಂತ್ರರಾದರು. 1915ರಲ್ಲಿ ಅಮೆರಿಕದ ಸೈನ್ಯ ಹೈಟಿಗೆ ಇಳಿಯಿತು, 1934ರವರೆಗೆ ಅಲ್ಲೇ ಇತ್ತು. ಆ ನಡುವೆ, 1932ರಲ್ಲಿ, ಹಾಲಿವುಡ್‌ನಲ್ಲಿ 'ವೈಟ್ ಜೋಂಬಿ' ಬಂತು. ಅದರಲ್ಲಿ ನಟ ಬೆಲಾ ಲುಗೋಸಿ ಸಕ್ಕರೆ ಗಿರಣಿಯ ಯಜಮಾನ. ಗಾಣ ತಿರುಗಿಸುವವರೆಲ್ಲ ಜೋಂಬಿಗಳು. ಒಬ್ಬ ಆಯತಪ್ಪಿ ಗಾಣಕ್ಕೆ ಬೀಳುತ್ತಾನೆ. ಉಳಿದವರು ನಿಲ್ಲಿಸುವುದೇ ಇಲ್ಲ, ತಿರುಗಿಸುತ್ತಲೇ ಇರುತ್ತಾರೆ. ಕಿರ್ ಕಿರ್ ಅಂತ ಮರದ ಸದ್ದು ಬಿಟ್ಟರೆ ಬೇರೇನಿಲ್ಲ. ಇಷ್ಟು ದೊಡ್ಡ ದೃಶ್ಯ ಮಾಡಿ ಸಿನಿಮಾ ಅದನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತೆ. ಯಾಕೆಂದರೆ ಅದರ ಚಿಂತೆ ಒಬ್ಬ ಬಿಳಿ ಮದುಮಗಳು ಜೋಂಬಿ ಆಗುತ್ತಾಳಲ್ಲ ಅನ್ನೋದು. ಹೆಸರಲ್ಲೇ ಹೇಳಿಬಿಟ್ಟಿದ್ದಾರೆ ನೋಡಿ.

ಪಾಪ್‌ಕಾರ್ನ್‌ಪುಟ್ಟಿ:
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. 'ಗೆಟ್ ಔಟ್' ಹೆಸರು ಬಂದಿದ್ದರಲ್ಲಿ ಕಪ್ಪು ಹಾಸ್ಯನಟ ಎಡ್ಡಿ ಮರ್ಫಿಯ ಒಂದು ಹಳೇ ಜೋಕಿನ ಪಾಲಿದೆ ಅಂತ ಪೀಲ್ ಹೇಳಿದ್ದಾರೆ. ದೆವ್ವದ ಸಿನಿಮಾಗಳಲ್ಲಿ ಬಿಳಿಯರು ಮನೆ ಬಿಟ್ಟು ಹೋಗುವುದೇ ಇಲ್ಲ, ಕಪ್ಪು ಕುಟುಂಬ ಆಗಿದ್ದರೆ ದೆವ್ವ ಬಾಯಿ ತೆರೆದ ಕೂಡಲೇ ಜಾಗ ಖಾಲಿ ಮಾಡುತ್ತಿತ್ತು ಅನ್ನೋ ಜೋಕು.

ಆ ಜೋಕು ಕೆಲಸ ಮಾಡದ ಒಂದು ಸಿನಿಮಾ ಇದೆ. 2020ರ 'ಹಿಸ್ ಹೌಸ್', ರೆಮಿ ವೀಕ್ಸ್ ಅವರದು. ದಕ್ಷಿಣ ಸುಡಾನ್ ಯುದ್ಧದಿಂದ ಓಡಿಬಂದ ಗಂಡ ಹೆಂಡತಿ, ಬೋಲ್ ಮತ್ತು ರಿಯಾಲ್. ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿದ್ದಾರೆ. ಸರ್ಕಾರ ಒಂದು ಹರಕುಮುರುಕು ಮನೆ ಕೊಡುತ್ತೆ. ಗೋಡೆಯೊಳಗೆ ಏನೋ ಇದೆ. 'ಮನೆ ಬಿಟ್ಟು ಹೋಗಬಾರದಾ?' ಅಂತ ನಾವು ಕೇಳುತ್ತೇವಲ್ಲ, ಹೋಗುವ ಹಾಗಿಲ್ಲ. ಮನೆ ಬಿಟ್ಟರೆ ಷರತ್ತು ಮುರಿದ ಹಾಗೆ, ವಾಪಸ್ ಕಳಿಸಬಹುದು. ಬೇರೆ ಮನೆ ಕೇಳಲು ಹೋದ ಬೋಲ್ 'ದೆವ್ವ ಇದೆ' ಅಂತ ಹೇಳಲಾರ. ಇಲಿ ಅಂತಾನೆ. ಅಧಿಕಾರಿ ಮುಂದೆ ಒಳ್ಳೆಯವನಾಗಿ, ಕೃತಜ್ಞನಾಗಿ ನಗುತ್ತ ನಿಲ್ಲಬೇಕು. ಆ ನಗು ನನಗೆ ದೆವ್ವಕ್ಕಿಂತ ಜಾಸ್ತಿ ಕಾಡಿತು.

ಇನ್ನೊಂದು ದೃಶ್ಯ. ರಿಯಾಲ್ ದಾರಿ ತಪ್ಪಿ ಕೆಲವು ಹುಡುಗರನ್ನು ವಿಳಾಸ ಕೇಳುತ್ತಾಳೆ. ಅವರೂ ಕಪ್ಪು ಹುಡುಗರೇ. ಅವಳ ಮುಖದಲ್ಲಿ ಒಂದು ಕ್ಷಣ ಧೈರ್ಯ ಬರುತ್ತೆ. ಅವರು ಅವಳ ಮಾತಿನ ಧಾಟಿ ಆಡಿಕೊಂಡು ನಕ್ಕು, ಆಫ್ರಿಕಾಕ್ಕೆ ಹೋಗು ಅಂತಾರೆ. ಬಣ್ಣದ ಕಥೆ ಅಂದುಕೊಂಡವರಿಗೆ ಅಲ್ಲಿ ಒಂದು ಗುದ್ದು. ಅವರ ಮಗಳ ವಿಷಯ ನಾನು ಹೇಳುವುದಿಲ್ಲ, ನೋಡಿದವರಿಗೆ ಗೊತ್ತು. ಆ ಮನೆಯಲ್ಲಿರುವ ದೆವ್ವ ಇಂಗ್ಲೆಂಡಿನದ್ದಲ್ಲ, ಅವರ ಜೊತೆಯಲ್ಲೇ ಬಂದದ್ದು.

ಕೊನೇಸಾಲು:
ಪುಟ್ಟಿ ಅವರೇ, ಇಲಿ ಅಂತ ಹೇಳುವ ದೃಶ್ಯ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಹಳೇರೀಲು ಅವರು ಹೇಳಿದ 1968ರ ಬೆಳಗು ನನ್ನ ತಲೆಯಲ್ಲೇ ಕೂತಿತ್ತು. ಅದೇ ಗುಂಗಿನಲ್ಲಿ ನಿನ್ನೆ 'ಸಿನ್ನರ್ಸ್' ಮತ್ತೆ ನೋಡಿದೆ. ರಯಾನ್ ಕೂಗ್ಲರ್ ಅವರ 2025ರ ಸಿನಿಮಾ. 1932, ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್. ಸ್ಮೋಕ್, ಸ್ಟ್ಯಾಕ್ ಅನ್ನೋ ಅವಳಿ ಅಣ್ಣತಮ್ಮ ಒಂದು ಹಳೇ ಗಿರಣಿ ಕೊಂಡು, ಕಪ್ಪು ಜನ ಕುಡಿದು ಕುಣಿಯೋದಕ್ಕೆ ಒಂದು ಜಾಗ ಮಾಡುತ್ತಾರೆ. ಮೊದಲ ರಾತ್ರಿಯೇ ವ್ಯಾಂಪೈರ್‌ಗಳು ಬಾಗಿಲಿಗೆ ಬರುತ್ತವೆ. ಒಳಗಿನವರು ಕರೆಯದೆ ಒಳಗೆ ಬರುವ ಹಾಗಿಲ್ಲ.

ವ್ಯಾಂಪೈರ್ ಸಾಧಾರಣವಾಗಿ ಸುಳ್ಳು ಹೇಳಿ ಮರುಳು ಮಾಡುತ್ತಾನಲ್ಲ, ಇಲ್ಲಿ ರೆಮಿಕ್ ಹೇಳುವುದರಲ್ಲಿ ಒಂದು ಮಾತು ಪೂರ್ತಿ ನಿಜ. ನಿಮಗೆ ಗಿರಣಿ ಮಾರಿದವನು ಕ್ಲಾನ್‌ನವನು, ಬೆಳಗ್ಗೆ ಗುಂಪು ಕಟ್ಟಿಕೊಂಡು ಕೊಲ್ಲಲು ಬರುತ್ತಾನೆ ಅಂತಾನೆ. ನಮ್ಮ ಜೊತೆ ಬನ್ನಿ, ನಮ್ಮಲ್ಲಿ ಬಣ್ಣ ಇಲ್ಲ ಅಂತ ಕರೆಯುತ್ತಾನೆ. ಅವನೂ ಐರಿಷ್, ಅವನ ನೆಲವನ್ನೂ ಯಾರೋ ಕಿತ್ತುಕೊಂಡವರೇ. ಅವನಿಗೆ ಬೇಕಾದದ್ದು ಮಾತ್ರ ಒಳಗೆ ಹಾಡುವ ಸ್ಯಾಮಿ ಹುಡುಗನ ಸಂಗೀತ.

ರಾತ್ರಿ ಕಳೆಯುತ್ತೆ. ಸೂರ್ಯ ಬಂದು ವ್ಯಾಂಪೈರ್‌ಗಳನ್ನು ಸುಡುತ್ತಾನೆ. ಬೇರೆ ವ್ಯಾಂಪೈರ್ ಸಿನಿಮಾ ಅಲ್ಲಿಗೆ ಮುಗಿಯುತ್ತೆ. ಇಲ್ಲಿ ಆಮೇಲೆ ಕಾರುಗಳು ಬರುತ್ತವೆ, ಹಗಲಲ್ಲೇ, ಹೇಳಿದ ಹೊತ್ತಿಗೆ ಸರಿಯಾಗಿ.

ಚಿಲಕ:
ಆ ಕೊನೆಯ ಗುಂಡಿನ ಕಾಳಗ ನನಗೆ ಬೇರೆ ಸಿನಿಮಾದಿಂದ ತಂದು ಅಂಟಿಸಿದ ಹಾಗಿತ್ತು. ನೀವು ಹೀಗೆ ಹೇಳಿದ ಮೇಲೆ ಅದು ಯಾಕಿದೆ ಅಂತ ತಿಳಿಯಿತು. ಆದರೂ ಐದು ನಿಮಿಷ ಜಾಸ್ತಿ. ಇದನ್ನು ಬಿಟ್ಟುಕೊಡಲ್ಲ.

ಮಿಂಚುಹುಳ:
ಆ ಐದು ನಿಮಿಷ ನನಗೆ ಬೇಕು ಚಿಲಕ ಅವರೇ. ಬೆನ್‌ಗೆ 1968ರಲ್ಲಿ ಕೈಯಲ್ಲಿ ಕೋವಿ ಇದ್ದರೂ ಅವರ ಮೇಲೆ ಎತ್ತುವ ಸಮಯ ಸಿಗಲಿಲ್ಲ. ಇಲ್ಲಿ ಸ್ಮೋಕ್‌ಗೆ ಸಿಕ್ಕಿತು. ಅವನೂ ಉಳಿಯಲಿಲ್ಲ ಅನ್ನೋದು ಬೇರೆ ಮಾತು.

ಹಳೇರೀಲು:
ಕೊನೇಸಾಲು, ಇನ್ನೊಂದು ಪಟ್ಟಿಗೆ ಹಾಕಿಕೊಳ್ಳಿ. 'ಐ ವಾಕ್ಡ್ ವಿತ್ ಎ ಜೋಂಬಿ', 1943. ಹೆಸರು ಕೇಳಿ ನಗಬೇಡಿ. ನಿರ್ದೇಶಕ ಜಾಕ್ ಟೂರ್ನರ್. ಒಂದು ಗಂಟೆ ಹತ್ತು ನಿಮಿಷದೊಳಗೆ ಮುಗಿಯುತ್ತೆ.

ಕೊನೇಸಾಲು:
ನೋಡಿದೆ. ಒಂದೇ ದೃಶ್ಯದ ಬಗ್ಗೆ ಬರೆಯುತ್ತೇನೆ, ಜೋಂಬಿ ಇನ್ನೂ ಬಂದೇ ಇಲ್ಲದ ದೃಶ್ಯ. ಕೆರಿಬಿಯನ್ ದ್ವೀಪಕ್ಕೆ ಕೆಲಸಕ್ಕೆ ಬಂದ ಬಿಳಿ ನರ್ಸ್ ಕುದುರೆಗಾಡಿಯಲ್ಲಿ ಕೂತಿದ್ದಾಳೆ. ಗಾಡಿ ಹೊಡೆಯುವವನು ಕಪ್ಪು ಮುದುಕ. ತಮ್ಮ ಹಿಂದಿನ ತಾಯಿತಂದೆಯರನ್ನು ಹಡಗಿನ ತಳಕ್ಕೆ ಸರಪಳಿ ಹಾಕಿ ಇಲ್ಲಿಗೆ ತಂದರು ಅಂತ ಮೆಲ್ಲಗೆ ಹೇಳುತ್ತಾನೆ. ಅವಳು ಸುತ್ತ ಮರ, ಬಿಸಿಲು ನೋಡುತ್ತ, 'ತಂದದ್ದು ಚೆಂದದ ಜಾಗಕ್ಕೇ ಅಲ್ವಾ' ಅಂತಾಳೆ. ಕೆಟ್ಟವಳೇನಲ್ಲ, ಪಾಪ, ಒಳ್ಳೇ ಮಾತು ಆಡಿದೆ ಅಂದುಕೊಂಡಿದ್ದಾಳೆ.

ಮುದುಕ ತಿರುಗಿ ನೋಡುವುದಿಲ್ಲ. ನೀವು ಹೇಳಿದ ಹಾಗೆ ಅಮ್ಮಾ, ಅಂತಾನೆ. ಇನ್ನೊಂದು ಸಲ ಅದನ್ನೇ ಹೇಳುತ್ತಾನೆ. ಗಾಡಿ ಮುಂದಕ್ಕೆ ಹೋಗುತ್ತೆ.